ಗಡ್ಡವಿಲ್ಲದ ನೋಟು

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಅಂತಾರೆ ಹಿರಿಯರು. ಕೊರಿಯಾದ ರಾಜ ಗೋಜೊಂಗನ ಕಷ್ಟ ಇನ್ನೂ ದೊಡ್ಡದು. ಅವನ ರಾಜ್ಯದ ಸುಂಕದವನೇ ಅವನ ರಾಜ್ಯದವನಲ್ಲ.

1883ರಲ್ಲಿ ಇಂಚಿಯಾನ್ ಬಂದರು ತೆರೆಯಿತು. ಜೆಮುಲ್‌ಪೋ ಅಂತಲೂ ಕರೆಯುತ್ತಿದ್ದರು. ಅದೇ ವರ್ಷ ಸುಂಕದ ಇಲಾಖೆ ಕಟ್ಟಿದವನು ಜರ್ಮನಿಯ ಮೊಲೆಂಡಾರ್ಫ್. ಶಿಫಾರಸು ಮಾಡಿದ್ದು ಚೀನಾದ ಮಂತ್ರಿ ಲಿ ಹೊಂಗ್‌ಝಾಂಗ್. ಮೊಲೆಂಡಾರ್ಫ್ ಹೋದ ಮೇಲೆ ಒಬ್ಬ ಅಮೆರಿಕನ್, ಮುಂದೆ ಬ್ರಿಟಿಷ್ ಪ್ರಜೆ ಮ್ಯಾಕ್‌ಲೀವಿ ಬ್ರೌನ್. ವಸೂಲಾದ ಹಣ 1884ರಿಂದ ಜಪಾನಿನ ದಾಯ್-ಇಚಿ ಬ್ಯಾಂಕಿನ ಕೈಗೆ. ಕೊರಿಯಾದ ಪಾಲಿಗೆ ಉಳಿದದ್ದು ಕಡಲು, ಅದೂ ಇಳಿತದ ಹೊತ್ತಿಗೆ ಬರೀ ಕೆಸರು.

ಇಷ್ಟಾದರೂ ಇದು ಪ್ರಗತಿಯೇ ಸ್ವಾಮಿ! ಜಪಾನಿನ ಜೊತೆ ಆದ 1876ರ ಒಪ್ಪಂದದ ನಂತರ ಏಳು ವರ್ಷ ಜಪಾನಿನ ಸರಕಿಗೆ ಸುಂಕವೇ ಇರಲಿಲ್ಲ. 1878ರಲ್ಲಿ ಬೂಸಾನ್‌ನಲ್ಲಿ ಕೊರಿಯಾ ಧೈರ್ಯ ಮಾಡಿ ತೆರಿಗೆ ಹಾಕಿತು. ಯಾರಿಗೆ? ತನ್ನದೇ ವ್ಯಾಪಾರಿಗಳಿಗೆ. ಅದಕ್ಕೂ ಜಪಾನಿನ ಯುದ್ಧನೌಕೆ ಬಂತು, ತೆರಿಗೆ ಹೋಯಿತು. ಬೇರೆ ಕಡೆ ವ್ಯಾಪಾರದಲ್ಲಿ ತಕರಾರೆದ್ದರೆ ವಕೀಲರು ಬರುತ್ತಾರೆ. ಇಲ್ಲಿ ತೋಪು ಬರುತ್ತಿತ್ತು. 1897ರಲ್ಲಿ ಬ್ರೌನ್ ಸಾಹೇಬರ ಕುರ್ಚಿಗೆ ರಷ್ಯಾದವನೊಬ್ಬ ಟವೆಲ್ ಹಾಕಿದಾಗ ಬ್ರಿಟಿಷ್ ಹಡಗುಗಳು ಇಂಚಿಯಾನ್‌ಗೆ ಬಂದು ನಿಂತವು. ಸಾಹೇಬರು ಕುರ್ಚಿಯಲ್ಲಿ ಉಳಿದರು. ಒಬ್ಬ ಸರ್ಕಾರಿ ನೌಕರನ ವರ್ಗಾವಣೆ ತಪ್ಪಿಸಲು ನೌಕಾಪಡೆ ಬಂದ ಉದಾಹರಣೆ ನಮ್ಮ ವಿಧಾನಸೌಧದ ಕಾರಿಡಾರಿನಲ್ಲೂ ಸಿಗಲಿಕ್ಕಿಲ್ಲ.

ಊರು ಮಾತ್ರ ಚೆಂದ ಬೆಳೆಯಿತು. ಜಪಾನಿಗಳಿಗೊಂದು ಬಡಾವಣೆ, ಚೀನೀಯರಿಗೊಂದು, ನಡುವೆ ಗಡಿಯಾಗಿ ಕಲ್ಲಿನ ಮೆಟ್ಟಿಲು. ಯುರೋಪು, ಅಮೆರಿಕದವರಿಗೆ ಗುಡ್ಡದ ಮೇಲೆ ಪಾರ್ಕು, 1901ಕ್ಕೆ ಕ್ಲಬ್ಬಿನ ಕಟ್ಟಡ. ಜಪಾನಿ ತಪ್ಪು ಮಾಡಿದರೆ ಜಪಾನಿ ಕಾನ್ಸಲನೇ ವಿಚಾರಿಸಬೇಕು, ಅಮೆರಿಕದವನನ್ನು ಅಮೆರಿಕದವನೇ. ಇದೇ ಏರ್ಪಾಟನ್ನು ಪಾಶ್ಚಾತ್ಯರು ತಮ್ಮ ಮೇಲೆ ಹೇರಿದ್ದಾರೆಂದು ಜಪಾನಿಗಳು ಆಗ ತಮ್ಮೂರಿನಲ್ಲಿ ಅವಮಾನದಿಂದ ಕುದಿಯುತ್ತಿದ್ದರು ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಕಲಿತ ಪಾಠವನ್ನು ಪಕ್ಕದ ಮನೆಯಲ್ಲಿ ಒಪ್ಪಿಸಿದ ಜಾಣ ವಿದ್ಯಾರ್ಥಿಗಳು.

ಆದರೆ ಎಲ್ಲಕ್ಕಿಂತ ಸೊಗಸಾದದ್ದು ನೋಟಿನ ಕಥೆ. 1902. ಗೋಜೊಂಗ್ ಆಗ ಬರೀ ರಾಜನಲ್ಲ, ಚಕ್ರವರ್ತಿ. ಆಳ್ವಿಕೆಯ 40ನೇ ವರ್ಷದ ಸಡಗರ ಬೇರೆ. ಆ ವರ್ಷವೇ ದಾಯ್-ಇಚಿ ಬ್ಯಾಂಕು ಕೊರಿಯಾದ ಬಂದರುಗಳಲ್ಲಿ ತನ್ನದೇ ನೋಟು ಚಲಾವಣೆಗೆ ಬಿಟ್ಟಿತು. ಅದರ ಮೇಲೆ ಚಕ್ರವರ್ತಿಯ ಮುಖ ಇತ್ತೇ? ಜಪಾನಿನ ಚಕ್ರವರ್ತಿಯದು? ಎರಡೂ ಅಲ್ಲ. ಬ್ಯಾಂಕಿನ ಅಧ್ಯಕ್ಷ ಶಿಬುಸಾವಾ ಎಯಿಚಿಯವರ ಭಾವಚಿತ್ರ. ಕ್ಯಾಲೆಂಡರಿನಲ್ಲಿ ಮಾಲೀಕರ ಫೋಟೋ ಹಾಕಿಸುವ ಅಂಗಡಿಗಳುಂಟು, ದೇಶದ ನೋಟಿನಲ್ಲೇ ಹಾಕಿಸಿದವರು ಇವರು.

ಕೊರಿಯಾ ಸರ್ಕಾರ ಆ ನೋಟನ್ನು ನಿಷೇಧಿಸಿತು. ಮುಂದೇನಾಯಿತು ಅಂತ ನಿಮಗೀಗ ಗೊತ್ತಿರಬೇಕು. ಹೌದು, ಯುದ್ಧನೌಕೆ ಬಂತು. 1903ರ ಆರಂಭದಲ್ಲಿ ನಿಷೇಧ ಹಿಂದಕ್ಕೆ ಹೋಯಿತು.

ಮರುವರ್ಷ ಜನವರಿಯಲ್ಲಿ ಕೊರಿಯಾ, ರಷ್ಯಾ-ಜಪಾನ್ ಜಗಳದಲ್ಲಿ ತಾನು ತಟಸ್ಥ ಎಂದು ಘೋಷಿಸಿತು. ಫೆಬ್ರವರಿ 9ಕ್ಕೆ ಇಬ್ಬರೂ ಇಂಚಿಯಾನ್ ಕಡಲಲ್ಲೇ ಹೊಡೆದಾಡಿದರು. ಬ್ರಿಟಿಷ್, ಫ್ರೆಂಚ್, ಇಟಲಿ, ಅಮೆರಿಕದ ನೌಕೆಗಳು ಲಂಗರು ಹಾಕಿ ನಿಂತಿದ್ದವು. ಅಲ್ಲಿ ಕಾಣದಿದ್ದವನು ಕಡಲಿನ ಒಡೆಯ ಮಾತ್ರ.

1905ರಲ್ಲಿ ಹಣದ ಸುಧಾರಣೆ ಶುರುವಾಯಿತು. ಜನರ ಕೈಲಿದ್ದ ನಿಕ್ಕಲ್ ನಾಣ್ಯಗಳನ್ನು ದರ್ಜೆ ಹಚ್ಚಿದರು: ಒಳ್ಳೆಯದಕ್ಕೆ 2.5 ಜೊನ್ (ಕೊರಿಯಾದ ಚಿಲ್ಲರೆ ಹಣ), ಸಾಧಾರಣದ್ದಕ್ಕೆ 1 ಜೊನ್, ಕಳಪೆಯದಕ್ಕೆ ಏನೂ ಇಲ್ಲ. ಅರಮನೆಯ ಟಂಕಸಾಲೆಯೂ ಸಾಚಾ ಅಲ್ಲ ಬಿಡಿ, ಬೊಕ್ಕಸ ತುಂಬಲು ನಾಣ್ಯ ಒತ್ತಿದ್ದೇ ಒತ್ತಿದ್ದು. ಆದರೆ ಖೋಟಾ ನಾಣ್ಯಗಳು ಒಸಾಕಾದಲ್ಲಿ ತಯಾರಾಗಿ ಇದೇ ಬಂದರಿನಿಂದ ಒಳಗೆ ನುಸುಳುತ್ತಿದ್ದವು. ಈಗ ನಾಣ್ಯ ಸ್ವಚ್ಛ ಮಾಡುವ ಹೊಣೆ ಯಾರದು? ದಾಯ್-ಇಚಿ ಬ್ಯಾಂಕಿನದು. ಪಂಗನಾಮ ಹಾಕಿಸಿಕೊಂಡವರು ಕಳಪೆ ನಾಣ್ಯ ಹಿಡಿದು ನಿಂತ ಕೊರಿಯನ್ ವ್ಯಾಪಾರಿಗಳು. 1910ರಲ್ಲಿ ದೇಶವೇ ಜಪಾನಿನ ವಶವಾಯಿತು. 1914ರಲ್ಲಿ ವಿದೇಶಿ ಬಡಾವಣೆಗಳನ್ನು ರದ್ದು ಮಾಡಿದರು. ಇಡೀ ಊರೇ ಸಿಕ್ಕ ಮೇಲೆ ಬಡಾವಣೆ ಯಾಕೆ ಬೇಕು?

ಶಿಬುಸಾವಾ ಅವರಿಗೆ ಸ್ವಂತ ದೇಶದ ನೋಟಿನ ಮೇಲೆ ಜಾಗ ಸಿಕ್ಕಿದ್ದು 2024ರ ಜುಲೈನಲ್ಲಿ, ಹತ್ತು ಸಾವಿರ ಯೆನ್ ನೋಟಿನಲ್ಲಿ. 1963ರಲ್ಲೇ ಅವರ ಹೆಸರು ಪರಿಶೀಲನೆಗೆ ಬಂದಿತ್ತಂತೆ. ಖೋಟಾ ನೋಟು ತಡೆಯಲು ಗಡ್ಡದ ಸಣ್ಣ ಗೆರೆಗಳು ಒಳ್ಳೆಯದು, ಇವರಿಗೆ ಗಡ್ಡವೇ ಇಲ್ಲ ಅಂತ ಕೈಬಿಟ್ಟು, ಗಡ್ಡವಿದ್ದ ಇತೊ ಹಿರೊಬುಮಿಯನ್ನು ಆರಿಸಿದರು ಎನ್ನುವ ಮಾತಿದೆ. ಇತೊ ಅಂದರೆ ಕೊರಿಯಾವನ್ನು ಆಳಲು ಜಪಾನ್ ಕಳಿಸಿದ ಮೊದಲ ರೆಸಿಡೆಂಟ್-ಜನರಲ್. ಜಪಾನಿನಲ್ಲಿ ಅಷ್ಟೆಲ್ಲ ನಿಯಮ. ಕೊರಿಯಾದಲ್ಲಿ ಗಡ್ಡ ಕೇಳುವವರೇ ಇರಲಿಲ್ಲ.