ಒಂದು ವೋಟಿನ ಸೋಲಿಗೆ ಡ್ರೈವರ್‌ನನ್ನು ಬೈಯಬೇಡಿ

ಚುನಾವಣೆ ಹತ್ತಿರ ಬಂದರೆ ಸಾಕು, ಸಂತೇಮರಹಳ್ಳಿ ಕಥೆ ವಾಟ್ಸಾಪ್‌ನಲ್ಲಿ ಮತ್ತೆ ಸುತ್ತಲು ಶುರು. 2004ರ ವಿಧಾನಸಭಾ ಚುನಾವಣೆ. ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752 ವೋಟು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ವೋಟು. ಅದರ ಹಿಂದೆಯೇ ಡ್ರೈವರ್ ಕಥೆ. ಕೃಷ್ಣಮೂರ್ತಿಯವರ ಕಾರು ಓಡಿಸುತ್ತಿದ್ದವನಿಗೆ ಅವತ್ತು ವೋಟು ಹಾಕಲು ಬಿಡುವೇ ಸಿಗಲಿಲ್ಲವಂತೆ, ಅದಕ್ಕೇ ಸಾಹೇಬರು ಸೋತರಂತೆ.

ನನ್ನ ತಕರಾರು ಇರುವುದು ಈ 'ಅದಕ್ಕೇ' ಮೇಲೆ. ಸುಮ್ನೆ ಲೆಕ್ಕ ಹಾಕಿ ನೋಡಿ. ಆ ಡ್ರೈವರ್ ಹೋಗಿ ವೋಟು ಒತ್ತಿ ಬಂದಿದ್ದರೂ ಕೃಷ್ಣಮೂರ್ತಿ ಗೆಲ್ಲುತ್ತಿರಲಿಲ್ಲ. ಇಬ್ಬರಿಗೂ 40,752 ಆಗುತ್ತಿತ್ತು, ಅಷ್ಟೇ. ಸಮಬಲ ಬಂದರೆ ಏನು ಮಾಡಬೇಕು ಅಂತ ಜನಪ್ರಾತಿನಿಧ್ಯ ಕಾಯ್ದೆಯ 65ನೇ ಸೆಕ್ಷನ್‌ನಲ್ಲಿದೆ: ಚೀಟಿ ಎತ್ತಬೇಕು. ಚೀಟಿ ಯಾರಿಗೆ ಬಂತೋ ಅವರಿಗೆ ಒಂದು ವೋಟು ಜಾಸ್ತಿ ಬಿದ್ದಂತೆ ಲೆಕ್ಕ. ಅಂದರೆ ಆ ಡ್ರೈವರ್ ತನ್ನ ಸಾಹೇಬರಿಗೆ ಕೊಡಿಸಬಹುದಾಗಿದ್ದದ್ದು ಚೀಟಿಯಲ್ಲಿ ಅರ್ಧ ಅದೃಷ್ಟ ಮಾತ್ರ. ಇಪ್ಪತ್ತು ವರ್ಷದಿಂದ ಅವನನ್ನು ಆಡಿಕೊಳ್ಳುವವರಲ್ಲಿ ಎಷ್ಟು ಜನ ಈ ಕೂಡುವ ಲೆಕ್ಕ ಮಾಡಿದ್ದಾರೋ!

ಅಷ್ಟಕ್ಕೂ ಕಥೆ ನಿಜವೇ ಅಂದುಕೊಂಡರೂ ತಪ್ಪು ಅವನದ್ದಾ? ವೋಟಿನ ದಿನ ಕೆಲಸದವರಿಗೆ ಸಂಬಳ ಸಮೇತ ರಜೆ ಕೊಡಬೇಕು ಅಂತ ಅದೇ ಕಾಯ್ದೆಯ 135ಬಿ ಸೆಕ್ಷನ್ ಹೇಳುತ್ತದೆ. ಆದರೆ ಅಭ್ಯರ್ಥಿಯ ಕಾರು ಅವತ್ತು ಬೆಳಗಿನಿಂದ ಸಂಜೆವರೆಗೆ ಬೂತಿಂದ ಬೂತಿಗೆ ಓಡುತ್ತಲೇ ಇರುತ್ತದೆ. 'ಅಣ್ಣಾ, ಒಂದು ಗಂಟೆ ಊರಿಗೆ ಹೋಗಿ ಬರ್ತೀನಿ' ಅಂತ ಯಾವ ಡ್ರೈವರ್ ಕೇಳ್ತಾನೆ? ಅದೇ ಕ್ಷೇತ್ರದಲ್ಲಿ ಆರಾಮಾಗಿ ಮನೆಯಲ್ಲಿ ಕೂತು ವೋಟು ಹಾಕದ ಸಾವಿರಾರು ಜನರ ಬಗ್ಗೆ ಮಾತ್ರ ಯಾರೂ ಕಥೆ ಕಟ್ಟಲಿಲ್ಲ.

ಈ ಇಬ್ಬರ ಮುಂದಿನ ಕಥೆ ಇದಕ್ಕಿಂತ ಚೆನ್ನಾಗಿದೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಪೋಸ್ಟರ್‌ನಲ್ಲಿ ಹಿಡಿಸುವುದಿಲ್ಲ ನೋಡಿ.

ಕೃಷ್ಣಮೂರ್ತಿ ಅಂದರೆ ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ. ಧ್ರುವನಾರಾಯಣ ಕೃಷಿ ಓದಿದವರು. 1999ರಲ್ಲಿ ಅದೇ ಸಂತೇಮರಹಳ್ಳಿಯಲ್ಲಿ ಬಿಜೆಪಿಯಿಂದ ನಿಂತು ಸೋತಿದ್ದವರು. 2004ರಲ್ಲಿ ಒಂದು ವೋಟಿನಿಂದ ಗೆದ್ದರು, ಸರಿ. ಆದರೆ ಗೆದ್ದ ಕ್ಷೇತ್ರವೇ ಉಳಿಯಲಿಲ್ಲ. 2008ರ ಹೊತ್ತಿಗೆ ಕ್ಷೇತ್ರ ಪುನರ್ವಿಂಗಡಣೆಯಾಗಿ ಸಂತೇಮರಹಳ್ಳಿ ಎಂಬ ವಿಧಾನಸಭಾ ಕ್ಷೇತ್ರ ನಕಾಶೆಯಿಂದಲೇ ಹೋಯಿತು. ಶಾಸಕನಿಗೆ ಇದಕ್ಕಿಂತ ದೊಡ್ಡ ಏಟು ಬೇರೆ ಇಲ್ಲ. ಐದು ವರ್ಷ ಮದುವೆ, ಸಾವು, ಗೃಹಪ್ರವೇಶ ಅಂತ ಓಡಾಡಿ ಪರಿಚಯ ಮಾಡಿಕೊಂಡ ಊರುಗಳನ್ನು ಯಾರೋ ಗೆರೆ ಎಳೆದು ಹಂಚಿಬಿಡುತ್ತಾರೆ. ಧ್ರುವನಾರಾಯಣ ಕೊಳ್ಳೇಗಾಲಕ್ಕೆ ಹೋದರು, ಗೆದ್ದರು. ಮರುವರ್ಷವೇ ಚಾಮರಾಜನಗರ ಲೋಕಸಭೆಗೆ ನಿಂತರು. ಎದುರಾಳಿ ಯಾರು ಗೊತ್ತಾ? ಬಿಜೆಪಿಯಿಂದ ಅದೇ ಕೃಷ್ಣಮೂರ್ತಿ. ಈ ಸಲ ಅಂತರ 4,002. 2014ರಲ್ಲಿ ಮತ್ತೆ ಅವರೇ ಇಬ್ಬರು. ಅಂತರ 1,41,182! ಒಂದರಿಂದ ಒಂದು ಲಕ್ಷ ನಲವತ್ತು ಸಾವಿರ ದಾಟಿತು. ಆಗ ಯಾವ ಡ್ರೈವರ್‌ನನ್ನು ಬೈಯೋಣ?

ಕೂದಲೆಳೆಯಲ್ಲಿ ಸೋತವರ ಕಥೆ ಅಲ್ಲಿಗೇ ಮುಗಿಯುತ್ತೆ ಅಂತಲೂ ಇಲ್ಲ. ಮುಖ್ಯಮಂತ್ರಿಯಾಗಿದ್ದ ಧರಂ ಸಿಂಗ್ 2008ರಲ್ಲಿ ಜೇವರ್ಗಿಯಲ್ಲಿ 70 ವೋಟಿನಿಂದ ಸೋತರು. ಮರುವರ್ಷ ಬೀದರ್‌ನಿಂದ ಸಂಸದರಾದರು. ರಾಜಸ್ಥಾನದ ನಾಥದ್ವಾರದಲ್ಲಿ ಅದೇ 2008ರಲ್ಲಿ ಸಿ.ಪಿ. ಜೋಶಿ ಒಂದೇ ವೋಟಿನಿಂದ ಸೋತರು. 2009ರಲ್ಲಿ ಸಂಸದ, ಕೇಂದ್ರ ಮಂತ್ರಿ ಎರಡೂ ಆದರು. ಇವರಿಬ್ಬರಿಗೂ ಪಕ್ಷದ ಹೈಕಮಾಂಡ್ ಹತ್ತಿರವಿತ್ತು. ಒಂದು ಸೀಟು ಹೋದರೆ ಇನ್ನೊಂದು ಸಿಗುತ್ತಿತ್ತು. ಕೃಷ್ಣಮೂರ್ತಿಯವರಿಗೆ ಆ ಅನುಕೂಲ ಇರಲಿಲ್ಲ ಅನ್ನುವುದು ನನ್ನ ಅಂದಾಜು. ಜೆಡಿಎಸ್, ಬಿಜೆಪಿ, ಆಮೇಲೆ ಕಾಂಗ್ರೆಸ್ ಅಂತ ಬದಲಾಯಿಸುತ್ತಾ ಹೋದರು. 2018ರಲ್ಲಿ ಕೊಳ್ಳೇಗಾಲದಲ್ಲಿ ಕಾಂಗ್ರೆಸ್‌ನಿಂದ ನಿಂತಾಗ ಬಿಎಸ್‌ಪಿಯ ಎನ್. ಮಹೇಶ್ ಎದುರು 19,454 ವೋಟಿನಿಂದ ಸೋತರು.

ಪಕ್ಷಾಂತರಿ ಅಂತ ಸುಲಭವಾಗಿ ಬೈಯಬಹುದು. ಬೈಯುವವರು ಬೈಯಲಿ. ಆದರೆ ಅಧಿಕಾರವಿಲ್ಲದೆ ಕ್ಷೇತ್ರದಲ್ಲಿ ಕಾಣಿಸಿಕೊಳ್ಳುತ್ತಲೇ ಇರುವುದಿದೆಯಲ್ಲ, ಅದು ಗೆದ್ದ ಶಾಸಕನ ಕೆಲಸಕ್ಕಿಂತ ಕಷ್ಟ. ಮಾಜಿ ಶಾಸಕ ಬಂದರೆ ಎದ್ದು ನಿಲ್ಲುವವರು ವರ್ಷ ಕಳೆದಂತೆ ಕಮ್ಮಿಯಾಗುತ್ತಾರೆ. ಕಾಗದಕ್ಕೆ ಸಹಿ ಹಾಕಿಕೊಡಲು ಅವರ ಹತ್ತಿರ ಲೆಟರ್‌ಹೆಡ್ಡೂ ಇರುವುದಿಲ್ಲ. ಅನುದಾನದ ಮಾತಂತೂ ಬಿಡಿ.

2023ರಲ್ಲಿ ಕೊಳ್ಳೇಗಾಲದಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಈಗ ಮಹೇಶ್ ಬಿಜೆಪಿಯಲ್ಲಿದ್ದರು. ಕೃಷ್ಣಮೂರ್ತಿ ಗೆದ್ದರು, ಅದೂ 59,519 ವೋಟುಗಳ ಅಂತರದಿಂದ. ಒಂದು ವೋಟಿನಿಂದ ಸೋತು 19 ವರ್ಷವಾಗಿತ್ತು.

ಅದನ್ನು ನೋಡಲು ಧ್ರುವನಾರಾಯಣ ಇರಲಿಲ್ಲ. 2019ರಲ್ಲಿ ಅವರು ವಿ. ಶ್ರೀನಿವಾಸ ಪ್ರಸಾದ್ ಎದುರು 1,817 ವೋಟಿನಿಂದ ಲೋಕಸಭೆ ಕಳೆದುಕೊಂಡಿದ್ದರು. ನಂಜನಗೂಡಿನ ಟಿಕೆಟ್‌ಗೆ ತಯಾರಿ ನಡೆಸಿದ್ದಾಗಲೇ 2023ರ ಮಾರ್ಚ್ 11ರಂದು ತೀರಿಕೊಂಡರು. ಅಲ್ಲಿ ಅವರ ಮಗ ದರ್ಶನ್ ನಿಂತರು. ಬಿಜೆಪಿಯಿಂದ ಇದ್ದವರು ಶ್ರೀನಿವಾಸ ಪ್ರಸಾದ್ ಅವರ ಅಳಿಯ ಹರ್ಷವರ್ಧನ್. ಜೆಡಿಎಸ್ ಅಭ್ಯರ್ಥಿಯನ್ನೇ ಹಾಕಲಿಲ್ಲ. ದರ್ಶನ್ 47,607 ವೋಟುಗಳ ಅಂತರದಿಂದ ಗೆದ್ದರು.

ಹಾಗಾಗಿ ಒಂದು ವೋಟಿನಿಂದ ಗೆದ್ದವರ ಮಗ, ಒಂದು ವೋಟಿನಿಂದ ಸೋತವರು ಇಬ್ಬರೂ ಒಂದೇ ವಿಧಾನಸಭೆಗೆ, ಒಂದೇ ಪಕ್ಷದಿಂದ ಹೋದರು. ನಂಜನಗೂಡಿನಲ್ಲಿ ಅನುಕಂಪ ಎಷ್ಟು ಕೆಲಸ ಮಾಡಿತು, ಹುಡುಗನ ಸ್ವಂತ ಬಲ ಎಷ್ಟು ಅನ್ನುವುದು ಮಾತ್ರ 2028ಕ್ಕೆ ಗೊತ್ತಾಗಬೇಕು.