ಹುಣಸೆಹುಳಿ ಮುಟ್ಟಿದ ರೂಪಾಯಿ

ಹಳೇ ಬೆಳ್ಳಿ ರೂಪಾಯಿ ಕೈಗೆ ಸಿಕ್ಕಿದ್ದೇ ತಡ, ನಮ್ಮ ಮನೆಗಳಲ್ಲಿ ಅದಕ್ಕೆ ದೇವರ ದೀಪದ ಉಪಚಾರ ಶುರು. ಹುಣಸೆಹುಳಿ, ಬೂದಿ, ನಿಂಬೆಸಿಪ್ಪೆ, ಅದೂ ಸಾಲದಿದ್ದರೆ ಟೂತ್‌ಪೇಸ್ಟ್. ಫಳಫಳ ಹೊಳೆದ ಮೇಲೆ ಫೋಟೋ ತೆಗೆದು "ಇದಕ್ಕೆ ಎಷ್ಟು ಬರ್ತದೆ?" ಅಂತ ಕೇಳ್ತಾರೆ. ತಿಕ್ಕುವ ಮೊದಲು ಕೇಳಬೇಕಿತ್ತು ಮಾರಾಯ್ರೆ!

ಟಂಕಸಾಲೆಯಲ್ಲಿ ಅಚ್ಚು ಬೀಳುವಾಗ ಬೆಳ್ಳಿ ಒತ್ತಡಕ್ಕೆ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಗೆರೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಚಲಾವಣೆಯಲ್ಲಿ ಓಡಾಡದ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿದರೆ ಬೆಳಕು ಚಕ್ರದ ಕಡ್ಡಿಗಳ ಹಾಗೆ ಸುತ್ತುವುದು ಈ ಗೆರೆಗಳಿಂದ. ತಿಕ್ಕಿದಾಗ ಮೊದಲು ಹೋಗುವುದೂ ಇವೇ. ಆಮೇಲೆ ಉಳಿಯುವ ಹೊಳಪು ಸ್ಟೀಲ್ ಲೋಟದ ಹೊಳಪು: ಎಲ್ಲ ಕಡೆ ಒಂದೇ ಥರ, ಓರೆ ಮಾಡಿದರೂ ಅಲುಗಾಡುವುದಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದರೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಕಾಣುತ್ತವೆ. ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಕೂತಿದ್ದು ಉಳಿದದ್ದೆಲ್ಲ ಬಿಳಿಯಾಗಿದ್ದರೆ ಹೆಚ್ಚಾಗಿ ಬಟ್ಟೆಯ ಕೆಲಸವೇ.

ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಅಂತ ನೋಡುವ ಕ್ರಮ ಹೀಗೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಮೇಜಿನ ಮೇಲೆ ಒಂದೇ ಒಂದು ದೀಪ ಇಡಿ. ಕೆಳಗೆ ಮೆತ್ತನೆ ಬಟ್ಟೆ ಹಾಸಿ. ಕೈಜಾರಿ ನೆಲದ ಟೈಲ್ಸ್ ಮೇಲೆ ಬಿದ್ದರೆ ಅಂಚು ನಜ್ಜಾಗುತ್ತದೆ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಬೇಕು, ಮುಖಕ್ಕೆ ಬೆರಳು ತಾಗಬಾರದು. ಬೆರಳಿನ ಬೆವರು ತಾಮ್ರದ ಮೇಲೆ ಕೂತರೆ ಆ ಗುರುತು ಅಲ್ಲೇ ಉಳಿದುಬಿಡಬಹುದು. ಮೊದಲು ಬರಿಗಣ್ಣು, ಆಮೇಲೆ ಲೂಪ್. ಶುರುವಿಗೇ ಲೂಪ್ ಹಿಡಿದರೆ ಸಣ್ಣ ಗೀರೂ ಗುಂಡಿಯಂತೆ ಕಂಡು ಒಳ್ಳೆಯ ನಾಣ್ಯವನ್ನೂ ಕೈಬಿಡುತ್ತೀರಿ.

ಐದನೇ ಜಾರ್ಜ್ ರೂಪಾಯಿಯನ್ನೇ ಉದಾಹರಣೆಗೆ ತಗೊಳ್ಳಿ. ಇದರಲ್ಲಿ ಮೊದಲು ಸವೆಯುವುದು ಎತ್ತರದಲ್ಲಿರುವ ಭಾಗ: ಕಿವಿ, ಗಡ್ಡ, ಕಿರೀಟದ ಮಣಿಗಳು, ನಿಲುವಂಗಿಯ ಮೇಲಿನ ಆನೆ. 1911ರ ರೂಪಾಯಿಯಲ್ಲಿ ಈ ಆನೆಯ ಸೊಂಡಿಲು ಮೋಟಾಗಿ ಹಂದಿಯಂತೆ ಕಂಡದ್ದಕ್ಕೆ ಗಲಾಟೆಯಾಗಿ, 1912ರಲ್ಲಿ ಅದನ್ನು ತಿದ್ದಿದರು. ಹಾಗಾಗಿ 1911 ಅಂದರೆ ಕೊಳ್ಳುವವರ ಕಿವಿ ನೆಟ್ಟಗಾಗುತ್ತದೆ. ಇನ್ನು ಹಿಂಬದಿಯಲ್ಲಿ ಕೆಳಗಿನ ಹೂವಿನ ಹತ್ತಿರ ಉಬ್ಬಿದ ಚುಕ್ಕೆ ಇದ್ದರೆ ಅದು ನಮ್ಮ ಮುಂಬಯಿಯ ಫೋರ್ಟ್ ಟಂಕಸಾಲೆಯದು, ಇಲ್ಲದಿದ್ದರೆ ಕಲ್ಕತ್ತೆಯದು. ಈಗಿನ ಚಿಲ್ಲರೆಯಲ್ಲಿ ಇಸವಿಯ ಕೆಳಗಿನ ವಜ್ರದ ಗುರುತೂ ಮುಂಬಯಿಯದೇ.

ಹೊಸಬರು ಹೆಚ್ಚು ಎಡವುವುದು ಒಂದು ಕಡೆ. ಕಿವಿ ಚಪ್ಪಟೆ ಕಂಡರೆ ಸವೆದಿದೆ ಅಂದುಬಿಡುತ್ತಾರೆ. ಅಚ್ಚು ಸರಿಯಾಗಿ ಬೀಳದಿದ್ದರೂ ಕಿವಿ ಚಪ್ಪಟೆಯಾಗಿಯೇ ಇರುತ್ತದೆ. ವ್ಯತ್ಯಾಸ ಬಣ್ಣದಲ್ಲಿದೆ: ಸವೆದ ಜಾಗ ಬೂದುಬಣ್ಣಕ್ಕೆ ತಿರುಗಿ ಬೆಳಕನ್ನು ನುಂಗುತ್ತದೆ, ಅಚ್ಚು ಸರಿಬೀಳದ ಜಾಗದಲ್ಲಿ ಚಿತ್ರ ಇಲ್ಲದಿದ್ದರೂ ಹೊಳಪು ಹರಿಯುತ್ತಲೇ ಇರುತ್ತದೆ. ಇದು ಓದಿ ಬರುವುದಲ್ಲ. ಫೋರ್ಟ್‌ನ ಅಮರ್ ಬಿಲ್ಡಿಂಗ್‌ನಲ್ಲಿರುವ ರಿಸರ್ವ್ ಬ್ಯಾಂಕಿನ ನಾಣ್ಯ ಮ್ಯೂಸಿಯಮ್ಮಿಗೆ ಒಂದೆರಡು ಸಲ ಹೋಗಿ, ಒಳ್ಳೆಯ ನಾಣ್ಯ ಹೇಗಿರ್ತದೆ ಅಂತ ಕಣ್ಣಿಗೆ ರೂಢಿ ಮಾಡಿಸಿ.

ಈಗ ನನ್ನ ತಕರಾರಿಗೆ ಬರ್ತೇನೆ. ನಾಣ್ಯದ ಸ್ಥಿತಿಗೆ ಅಂಕ ಕೊಡಲು ಎಲ್ಲರೂ ಹೇಳುವ 1ರಿಂದ 70ರ ಅಳತೆ 1949ರಲ್ಲಿ ವಿಲಿಯಂ ಶೆಲ್ಡನ್ ಎಂಬವರು ಅಮೆರಿಕದ ಹಳೇ ತಾಮ್ರದ ಸೆಂಟುಗಳಿಗಾಗಿ ಮಾಡಿದ್ದು. 20ರಿಂದ 35 ವಿಎಫ್ (ವೆರಿ ಫೈನ್, ಚೆನ್ನಾಗಿದೆ), 40 ಮತ್ತು 45 ಎಕ್ಸ್‌ಎಫ್ (ಎಕ್ಸ್‌ಟ್ರೀಮ್ಲಿ ಫೈನ್, ಬಹಳ ಚೆನ್ನಾಗಿದೆ), 50ರಿಂದ 58 ಎಯು (ಅಬೌಟ್ ಅನ್‌ಸರ್ಕ್ಯುಲೇಟೆಡ್, ಹೆಚ್ಚುಕಮ್ಮಿ ಓಡಾಡದ್ದು), 60ರ ಮೇಲೆ ಓಡಾಡದ ನಾಣ್ಯ. ಯಂತ್ರದಲ್ಲಿ ಅಚ್ಚಾದ ರೂಪಾಯಿಗೆ ಇದು ಒಪ್ಪುತ್ತದೆ. 62ಕ್ಕೂ 63ಕ್ಕೂ ಇರುವ ಅಂತರ ನೋಡುವವರ ಆ ದಿನದ ಮನಸ್ಸಿನಂತೆ ಹೋಗುತ್ತದೆ ಅನ್ನುವುದು ಬೇರೆ ಮಾತು. ಆದರೆ ಇದೇ ನಂಬರನ್ನು ಶಿವರಾಯಿಗೆ ಅಂಟಿಸುವುದು ನೋಡಿದರೆ ನಗು ಬರ್ತದೆ.

ಶಿವರಾಯಿ ಅಂದರೆ ಶಿವಾಜಿ ಮಹಾರಾಜರ ಹೆಸರಲ್ಲಿ, ಕೈಯಲ್ಲಿ ಸುತ್ತಿಗೆಯಿಂದ ಹೊಡೆದ ತಾಮ್ರದ ದುಡ್ಡು. ಒಂದು ಕಡೆ ಮೂರು ಸಾಲಿನಲ್ಲಿ 'ಶ್ರೀ ರಾಜಾ ಶಿವ', ಇನ್ನೊಂದು ಕಡೆ 'ಛತ್ರ ಪತಿ', ನಾಗರಿ ಲಿಪಿ, ಸುತ್ತ ಚುಕ್ಕೆಗಳ ಬಳೆ. ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಸಣ್ಣದು. ಹಾಗಾಗಿ ಬಿಸಿಬಿಸಿಯಾಗಿ ಅಚ್ಚಿನಿಂದ ಬಂದ ದಿನವೂ ಅದರಲ್ಲಿ ಅರ್ಧ ಅಕ್ಷರಗಳೇ ಇರಲಿಲ್ಲ! ಅದನ್ನು ಸವೆತ ಅಂತ ಲೆಕ್ಕ ಹಾಕಿ ಮಾರ್ಕು ಕಡಿಮೆ ಮಾಡಿದರೆ ಯಾರ ತಪ್ಪು? ಇಲ್ಲಿ ನೋಡಬೇಕಾದ್ದು ಎಷ್ಟು ಅಕ್ಷರ ಬಿಲ್ಲೆಯೊಳಗೆ ಬಿದ್ದಿದೆ, ಚುಕ್ಕೆಬಳೆ ಎಷ್ಟು ಸಿಕ್ಕಿದೆ, ಎರಡೂ ಬದಿ ನಡುವಿಗೆ ಕೂತಿವೆಯೇ ಅನ್ನುವುದು. ಕಾಗುಣಿತವನ್ನೂ ನೋಡಬೇಕು, 'ಶಿವ' ಇರುವ ಕಡೆ 'ಸಿವ' ಅಂತ ಬರೆದವೂ ಉಂಟು. ಪುಣೆಯ ಜೂನಾ ಬಜಾರಿನಲ್ಲಿ ಪ್ರತಿ ಶಿವರಾಯಿಯೂ "ಮಹಾರಾಜರ ಕಾಲದ್ದು" ಆಗಿರ್ತದೆ. ಆದರೆ 1674ರ ಪಟ್ಟಾಭಿಷೇಕದ ನಂತರ ಪೇಶ್ವೆಗಳ ಕಾಲದುದ್ದಕ್ಕೂ ಇದೇ ಹೆಸರಲ್ಲಿ ಹೊಡೆಯುತ್ತಲೇ ಇದ್ದರು. ಸಾಲುಗಳ ನಡುವೆ ಜೋಡಿ ಗೆರೆ ಇರುವ 'ದುದಾಂಡಿ' ಅಂತೂ ಆಮೇಲಿನದು.

ಟಿಪ್ಪುವಿನ ಆನೆ ಪೈಸೆಗೂ ಇದೇ ಮಾತು. ಇಸವಿ ಕಾಣುತ್ತಿದ್ದರೆ ಅದಕ್ಕೇ ಹೆಚ್ಚು ಬೆಲೆ ಕಟ್ಟಬೇಕು. ಅವನೇ ತಂದ ಮೌಲೂದಿ ಎಂಬ ವರ್ಷಗಣನೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು ಅನ್ನುವುದು ಗೊತ್ತಿರಲಿ. ಮೊಗಲರ ರೂಪಾಯಿ ಮೇಲಿನ ಸಣ್ಣ ಒತ್ತುಗಳು ಚಿನಿವಾರರು ಬೆಳ್ಳಿ ಪರೀಕ್ಷೆಗೆ ಹಾಕಿದವು. ಅಳತೆಪಟ್ಟಿಗೆ ಅದು ಗಾಯ. ನನಗೆ ಅದು ಆ ನಾಣ್ಯ ನಾಲ್ಕು ಪೇಟೆ ತಿರುಗಿದ ರುಜು. ಕಾಸಿನ ಸರಕ್ಕೆ ಹಾಕಿದ್ದ ಬೆಸುಗೆಯ ಗುರುತು ಮಾತ್ರ ಬೇರೆ ಲೆಕ್ಕ. ಅಂಚಿನಲ್ಲಿ ಹನ್ನೆರಡು ಗಂಟೆಯ ಜಾಗದಲ್ಲಿ ಉಜ್ಜಿದ ಕಲೆ ಇದೆಯೇ ಅಂತ ತಪ್ಪದೆ ನೋಡಿ, ಕೊಕ್ಕೆ ಕಿತ್ತು ಅರ ಹಾಕಿರ್ತಾರೆ.

ನಕಲಿಯ ವಿಷಯದಲ್ಲಿ ಕಣ್ಣಿಗಿಂತ ತಕ್ಕಡಿ ವಾಸಿ. 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಬ್ರಿಟಿಷ್ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ, ಓಡಾಡಿದ್ದು ಸ್ವಲ್ಪ ಕಡಿಮೆ ತೂಗುತ್ತದೆ. ಇಷ್ಟೇ ಸಾಲದು, ನಕಲಿ ಮಾಡುವವನಿಗೂ ತಕ್ಕಡಿ ಉಂಟು. ಪ್ಲಾಸ್ಟಿಕ್ ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳ ಗೋಡೆ ತಾಗದಂತೆ ಪೂರಾ ಮುಳುಗಿಸಿ. 917 ಬೆಳ್ಳಿಯಾದರೆ (ಸಾವಿರಕ್ಕೆ 917 ಪಾಲು ಬೆಳ್ಳಿ) ತಕ್ಕಡಿ ಸುಮಾರು 1.13 ಗ್ರಾಂ ತೋರಿಸಬೇಕು. 1940ರಿಂದ 45ರವರೆಗಿನ ಅರ್ಧ ಬೆಳ್ಳಿಯ ರೂಪಾಯಿಗೆ 1.22ರ ಆಸುಪಾಸು. 1.37 ಬಂದರೆ ಒಳಗೆ ಹಿತ್ತಾಳೆ, ಮೇಲೆ ಬೆಳ್ಳಿ ನೀರು. ಗಾಳಿಗುಳ್ಳೆ ಅಂಟಿದ್ದರೆ ಅಂಕಿ ಏರಿ ಒಳ್ಳೆಯದೂ ಕೆಟ್ಟದ್ದಾಗಿ ಕಾಣುತ್ತದೆ. ನೀರಿಗೆ ಪಾತ್ರೆ ಸೋಪಿನ ಒಂದು ಹನಿ ಬಿಟ್ಟರೆ ಗುಳ್ಳೆ ನಿಲ್ಲುವುದಿಲ್ಲ. ಆಮೇಲೆ ಶುದ್ಧ ನೀರಲ್ಲಿ ಅದ್ದಿ, ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ. ಅಯಸ್ಕಾಂತ ಬೆಳ್ಳಿಯನ್ನು ಎಳೆಯುವುದಿಲ್ಲ. 1947ರ ಹುಲಿ ರೂಪಾಯಿಯನ್ನು ಎಳೆಯುತ್ತದೆ, ಅದು ನಿಕಲ್. ನಕಲಿ ಅಂತ ಬಿಸಾಡಬೇಡಿ. ಇನ್ನು 'ಈಸ್ಟ್ ಇಂಡಿಯಾ ಕಂಪನಿ 1818' ಅಂತ ಹನುಮಂತ, ರಾಮದರ್ಬಾರ್ ಇರುವ ಬಿಲ್ಲೆಗಳನ್ನು ತೂಗುವುದೇ ಬೇಡ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ.

ಮುಂಬಯಿ, ಗೋವೆಯ ನಮ್ಮಂಥವರಿಗೆ ನಿಜವಾದ ವೈರಿ ಜೂನ್‌ನಿಂದ ಸೆಪ್ಟೆಂಬರ್. ಉಪ್ಪುಗಾಳಿಯ ಕ್ಲೋರೈಡ್ ತಾಮ್ರಕ್ಕೆ ಹತ್ತಿದರೆ ತಿಳಿಹಸಿರು ಪುಡಿ ಏಳುತ್ತದೆ. ಗಟ್ಟಿಯಾಗಿ ಅಂಟಿಕೊಂಡ ಕಡುಹಸಿರು ಕಿಲುಬು ಇದ್ದರಿರಲಿ. ಉಗುರಿಗೆ ಉದುರುವ ಪುಡಿ ಮಾತ್ರ ತಿನ್ನುತ್ತಾ ಹೋಗುವ ಜಾತಿ. ಆ ನಾಣ್ಯವನ್ನು ಉಳಿದವುಗಳಿಂದ ತಕ್ಷಣ ಬೇರೆ ಮಾಡಿ. ಸ್ಟೇಷನರಿ ಅಂಗಡಿಯ ಮೆತ್ತನೆ ಪಿವಿಸಿ ಆಲ್ಬಮ್ ಇನ್ನೊಂದು ಪೀಡೆ. ವರ್ಷಗಳಲ್ಲಿ ಅದು ಆಮ್ಲ ಬಿಟ್ಟು ನಾಣ್ಯದ ಮೇಲೆ ಹಸಿರು ಅಂಟು ಕೂರಿಸುತ್ತದೆ. ಆ ಅಂಟು ಹೊಸದಾಗಿದ್ದರೆ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ನಾಣ್ಯ ಮುಳುಗಿಸಿಟ್ಟರೆ ಬಿಡುತ್ತದೆ. ಉಗುರುಬಣ್ಣ ತೆಗೆಯುವ ಬಾಟಲಿ ಬೇಡ, ಅದರಲ್ಲಿ ಎಣ್ಣೆ, ಸುವಾಸನೆ ಬೆರೆತಿರ್ತದೆ. ಕಿಟಕಿ ತೆರೆದಿರಲಿ, ಗ್ಯಾಸ್ ಒಲೆ ಹತ್ತಿರ ಸುಳಿಯಬೇಡಿ, ಬೇಗ ಹೊತ್ತಿಕೊಳ್ಳುವ ವಸ್ತು ಅದು. ರಬ್ಬರ್ ಬ್ಯಾಂಡಿನಲ್ಲಿ ಗಂಧಕ ಇದೆ, ಬೆಳ್ಳಿಯನ್ನು ಅದರಲ್ಲಿ ಕಟ್ಟಿಟ್ಟರೆ ಕಪ್ಪು ಪಟ್ಟಿ ಗ್ಯಾರಂಟಿ. ಪಾಲಿಯೆಸ್ಟರ್ ಹಾಳೆಯ ಹೋಲ್ಡರ್, ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಚೀಲ, ಇಷ್ಟು ಸಾಕು. ಬಣ್ಣ ತಿರುಗಿದ ಜೆಲ್ ಹರಳನ್ನು ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ.

ನಂಬರ್ ಬೇಕೇ ಬೇಕು ಅಂತ ನಾಣ್ಯವನ್ನು ವಿದೇಶದ ಅಂಕ ಕೊಡುವ ಕಂಪನಿಗೆ ಕಳಿಸುವ ಯೋಚನೆಯಿದ್ದರೆ 1972ರ ಪುರಾತನ ವಸ್ತು ಕಾಯ್ದೆಯನ್ನು ನೆನಪಿಡಿ. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಅಂದರೆ 1911ರ ಆ ಹಂದಿ-ಆನೆ ರೂಪಾಯಿ ಇಲ್ಲೇ, ನಿಮ್ಮ ಮೇಜಿನ ದೀಪದ ಕೆಳಗೇ ಪಾಸಾಗಬೇಕು.