16 ಬಾರ್ ಹಾಡು, 15 ದಿನದ ಓದು

ನಾನು 14 ವರ್ಷದಿಂದ ಅಮೆರಿಕದ ಒಹಾಯೋದಲ್ಲಿದ್ದೇನೆ. ಹುಟ್ಟಿ ಬೆಳೆದದ್ದು ಬೆಂಗಳೂರಿನ ಹನುಮಂತನಗರ. ಈ ಸಲ ರಜೆಗೆ ಬಂದಾಗ ನಾನೂ ನನ್ನ ಹತ್ತು ವರ್ಷದ ಮಗಳೂ ಇಲ್ಲಿನ ಒಂದು ಹವ್ಯಾಸಿ ತಂಡದ ಸಂಗೀತ ನಾಟಕದಲ್ಲಿ ಪಾತ್ರ ಮಾಡಿದೆವು. ಮಕ್ಕಳು, ಅಪ್ಪ ಅಮ್ಮ, ಅಜ್ಜಿ ಎಲ್ಲ ಸೇರಿ ಆಡುವ ನಾಟಕ. ಈ ವರ್ಷದ ಶುರುವಲ್ಲಿ ಅಲ್ಲೂ ಇಂಥದ್ದೇ ಒಂದು ನಾಟಕಕ್ಕೆ ಇಬ್ಬರೂ ಆಡಿಷನ್ ಕೊಟ್ಟಿದ್ದೆವು. ಎರಡೂ ಕಣ್ಣ ಮುಂದೆ ಹಸಿಯಾಗಿರುವಾಗಲೇ ಹೇಳಿಬಿಡ್ತೀನಿ. ಪಾತ್ರ ಹಂಚುವ ರೀತಿ ನಮ್ಮದೇ ಚೆನ್ನ. ಜನರನ್ನು ಕರೆಯುವ ರೀತಿ ಅವರದು ಚೆನ್ನ. ಅದನ್ನು ನಾವು ಕಲೀಲೇಬೇಕು.

ಅಮೆರಿಕದ ಎಷ್ಟೋ ಊರುಗಳಲ್ಲಿ ಇಂಥ ತಂಡ ಇರುತ್ತೆ. ನಟರಿಗೆ ಸಂಬಳ ಇಲ್ಲ, ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡಿ ಸಂಜೆ ಬರುವವರು. ಆಡಿಷನ್ನಿಗೆ ಆರು ವಾರ ಮೊದಲೇ ಲೈಬ್ರರಿಯ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದರು. ದಿನ, ಜಾಗ, ಯಾವ ಪಾತ್ರಕ್ಕೆ ಎಷ್ಟು ವಯಸ್ಸು, ದನಿ ಎಲ್ಲಿಂದ ಎಲ್ಲಿಯವರೆಗೆ ಹೋಗಬೇಕು, ಪ್ರದರ್ಶನ ಯಾವತ್ತು, ಎಲ್ಲವೂ ಅದರಲ್ಲೇ ಇತ್ತು. ಹಾಡು 16 ಬಾರ್ ಮಾತ್ರ. ಬಾರ್ ಅಂದರೆ ಪಾಶ್ಚಾತ್ಯ ಸಂಗೀತದಲ್ಲಿ ತಾಳದ ಒಂದು ಅಳತೆ. ನಮ್ಮ ಲೆಕ್ಕಕ್ಕೆ ಹೇಳೋದಾದರೆ, ಬಾರಿಗೆ ನಾಲ್ಕು ಎಣಿಕೆ ಅಂತ ಹಿಡಿದರೆ 64 ಎಣಿಕೆ, ಅಂದರೆ ಆದಿತಾಳದ ಎಂಟು ಆವರ್ತ. ಸಾಮಾನ್ಯವಾಗಿ ಮುಕ್ಕಾಲು ನಿಮಿಷವೂ ಆಗಲ್ಲ. ಹಾಡಿನ ಸ್ವರ ಬರೆದ ಹಾಳೆ ನಾವೇ ತರಬೇಕು, ನಮ್ಮ ಶ್ರುತಿಗೆ ಹೊಂದುವ ಹಾಗೆ ಬರೆದದ್ದು. ಪಿಯಾನೋದವರು ನಮ್ಮನ್ನು ಮೊದಲ ಸಲ ನೋಡುತ್ತಿರುತ್ತಾರೆ. ಹಾಳೆಯಲ್ಲಿ ಏನಿದೆಯೋ ಅದನ್ನು ನುಡಿಸುತ್ತಾರೆ. ಹಾಡು ಆದಮೇಲೆ ನಾಟಕದ ಒಂದು ಪುಟ ಕೈಗೆ ಕೊಡುತ್ತಾರೆ, ಅಲ್ಲೇ ಓದಬೇಕು. ಚೆನ್ನಾಗಿದೆ ಅನಿಸಿದವರನ್ನು ಇನ್ನೊಂದು ದಿನ ಮತ್ತೆ ಕರೆಯುತ್ತಾರೆ.

ಮಗಳು ಒಂದೂವರೆ ತಿಂಗಳು ಅಭ್ಯಾಸ ಮಾಡಿದ್ದಳು. ಹಾಳೆಗಳನ್ನು ಫೈಲಿಗೆ ಹಾಕಿ ಎದೆಗೆ ಒತ್ತಿಕೊಂಡು ಕೂತಿದ್ದಳು. ಹೆಸರು ಕರೆದರು, ಹೋದಳು, ಮೇಜಿನ ಹಿಂದಿದ್ದ ಮೂವರು ತಲೆ ಬಗ್ಗಿಸಿ ಬರೆದುಕೊಂಡರು, ಥ್ಯಾಂಕ್ ಯೂ ಅಂದರು, ಬಂದಳು. ಮೊದಲ ಸಾಲಿನಲ್ಲೇ ಉಸಿರು ಹಿಡಿದುಹೋಗಿ ದನಿ ನಡುಗಿತ್ತು. ಸರಿ ಹೋಗುವಷ್ಟರಲ್ಲಿ ಎಂಟು ಆವರ್ತ ಮುಗಿದಿತ್ತು. ಭಾನುವಾರ ರಾತ್ರಿ ಪಟ್ಟಿ ಬಂತು. ನನ್ನ ಹೆಸರಿತ್ತು, ಅವಳದಿರಲಿಲ್ಲ. "ಎರಡನೇ ಸಲ ಹಾಡಿದ್ದಿದ್ರೆ ಚೆನ್ನಾಗಿ ಬರ್ತಿತ್ತು ಅಪ್ಪಾ" ಅಂದಳು. ನನಗೂ ಹಾಗೇ ಅನಿಸಿತ್ತು. ನಾನು ಪಾತ್ರ ಒಪ್ಪಿಕೊಳ್ಳಲಿಲ್ಲ.

ಅನ್ಯಾಯ ಆಯ್ತು ಅಂತ ನಾನು ಹೇಳಲ್ಲ. ಅಲ್ಲಿ ಯಾರಿಗೂ ಯಾರ ಪರಿಚಯವೂ ಬೇಕಾಗಿರಲಿಲ್ಲ, ಎಲ್ಲರಿಗೂ ಒಂದೇ ಅಳತೆ. ಆದರೆ ಅಳೆದದ್ದು ಏನನ್ನ? ಹತ್ತು ವರ್ಷದ ಮಗು ಒಂದು ಶನಿವಾರ ಬೆಳಿಗ್ಗೆ ಮುಕ್ಕಾಲು ನಿಮಿಷ ಹೆದರದೆ ನಿಲ್ಲುತ್ತಾ ಅನ್ನೋದನ್ನ.

ಜೂನ್‌ನಲ್ಲಿ ಬೆಂಗಳೂರಿಗೆ ಬಂದೆವು. ಏಪ್ರಿಲ್ ಮೇ ತಿಂಗಳ ಬೇಸಿಗೆ ಶಿಬಿರಗಳು ನಾವು ಬರುವ ಹೊತ್ತಿಗೆ ಮುಗಿದಿರುತ್ತವೆ, ಹೊರನಾಡಿನ ಮಕ್ಕಳಿಗೆ ಅವು ಸಿಗೋದೇ ಇಲ್ಲ. ಕಾಲೇಜಲ್ಲಿ ಜೊತೆಗೆ ನಾಟಕ ಮಾಡುತ್ತಿದ್ದ ಗೆಳೆಯ ಫೋನ್ ಮಾಡಿದ. "ಆಗಸ್ಟ್ ಮೊದಲ ವಾರ ಶೋ ಇದೆ, ಮಗಳನ್ನೂ ಕರ್ಕೊಂಡು ಬಾರೋ" ಅಂದ.

ತಾಲೀಮು ಮನೆ ಹತ್ತಿರದ ಒಂದು ಶಾಲೆಯ ಹಾಲ್‌ನಲ್ಲಿ. ಬೆಂಚುಗಳನ್ನು ಗೋಡೆಗೆ ತಳ್ಳಿ, ಜಮಖಾನ ಹಾಸಿ, ಸುತ್ತ ಕೂರುವುದು. ಮೊದಲ 15 ದಿನ ಯಾರಿಗೂ ಪಾತ್ರ ಇಲ್ಲ, ಬರೀ ಓದು. ಇವತ್ತು ರಾಜನ ಮಾತು ಓದಿದವನು ನಾಳೆ ಅಗಸನ ಮಾತು ಓದುತ್ತಾನೆ. ಹಾಡು ಬಂದಾಗ ಹಾರ್ಮೋನಿಯಂ ಮೇಷ್ಟ್ರು ಒಂದು ಸಾಲು ಹೇಳಿಕೊಡುತ್ತಾರೆ, ಎಲ್ಲರೂ ಹೇಳುತ್ತಾರೆ. ಸ್ವರ ಬರೆದ ಹಾಳೆ ಯಾರ ಕೈಲೂ ಇಲ್ಲ. ಮಗಳಿಗೆ ಕನ್ನಡ ಓದೋದು ನಿಧಾನ. ಪಕ್ಕದ ಹುಡುಗಿ ಮಾತು ಹೇಳುತ್ತಾ ಹೋದಳು, ಇವಳು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಳು.

ಮೂರನೇ ದಿನ ಮೇಷ್ಟ್ರು ಅವಳನ್ನು ಹಾರ್ಮೋನಿಯಂ ಪೆಟ್ಟಿಗೆ ಹತ್ತಿರ ಕೂರಿಸಿಕೊಂಡರು. "ನಿನ್ನ ಸ ಎಲ್ಲಿದೆ ತೋರಿಸು ಮಗೂ" ಅಂದರು. ಅವಳು ಮೆಲ್ಲಗೆ ದನಿ ತೆಗೆದಳು. ಅವರು ಅದರ ಒಂದೊಂದೇ ಮನೆ, ಅಂದರೆ ಕೀ, ಒತ್ತುತ್ತಾ, ತಲೆ ಅಲ್ಲಾಡಿಸುತ್ತಾ, ಕೊನೆಗೆ ಒಂದು ಕಪ್ಪು ಮನೆಯ ಮೇಲೆ ಬೆರಳು ನಿಲ್ಲಿಸಿದರು. "ಐದೂವರೆ ಶ್ರುತಿ. ಈ ಹಾಡು ಮಕ್ಕಳದ್ದು, ಎಲ್ಲರೂ ಇಲ್ಲಿಗೇ ಬನ್ನಿ." ನಾವು ಗಂಡಸರೆಲ್ಲ ಕೆಳಗಿನ ಸ್ಥಾಯಿ ಹಿಡಿದೆವು. ಇಡೀ ಹಾಲ್ ತನ್ನ ಶ್ರುತಿಗೆ ಬಂದದ್ದನ್ನು ಕೇಳುತ್ತಾ ಕೂತಿದ್ದ ಅವಳ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನೊಬ್ಬರ ಬಗ್ಗೆ ಹೇಳಲೇಬೇಕು. ಮೊಮ್ಮಗನನ್ನು ಕರೆದುಕೊಂಡು ಬರುತ್ತಿದ್ದ ಒಬ್ಬ ಅಜ್ಜಿ. ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಒಂದು ವಾರದ ಮೇಲೆ, ಯಾರಾದರೂ ಮಾತು ಮರೆತರೆ ಹೂವಿನಿಂದ ಕಣ್ಣು ತೆಗೆಯದೆ ಅಲ್ಲಿಂದಲೇ ಹೇಳತೊಡಗಿದರು. ಅದೂ ಸುಮ್ನೆ ಒಪ್ಪಿಸುವುದಲ್ಲ, ಆ ಪಾತ್ರದ ಸಿಟ್ಟು ಸಿಟ್ಟಾಗಿಯೇ, ಅಳು ಅಳುವಾಗಿಯೇ ಬರುತ್ತಿತ್ತು. ನಿರ್ದೇಶಕರು "ಅಮ್ಮಾ, ರಾಜಮಾತೆ ನೀವೇ ಮಾಡಿಬಿಡಿ" ಅಂದರು. ಮಾಡಿದರು. ಇದಕ್ಕೆ ಆಡಿಷನ್ ಅಂತ ಹೆಸರಿಟ್ಟಿದ್ದರೆ ಆ ಅಮ್ಮ ಗೇಟು ದಾಟಿ ಬರುತ್ತಿರಲಿಲ್ಲ.

ಮನೆಮಂದಿಯೆಲ್ಲ ನಾಟಕಕ್ಕೆ ಬರೋದು ನಮಗೆ ಹೊಸದಲ್ಲ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯಲ್ಲಿ ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯ ಪಾತ್ರ ಮಾಡುತ್ತಿದ್ದರು, ಮಗ ಮುತ್ತುರಾಜನೂ ಚಿಕ್ಕಂದಿನಲ್ಲೇ ಅಲ್ಲಿ ಬಣ್ಣ ಹಚ್ಚಿದರು. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಹೋಗಿ ಸೇರಿದ್ದೂ ಅದೇ ಕಂಪನಿಯನ್ನು. ಮುಂದೆ ಅವರು ಕಟ್ಟಿದ ರಂಗಸಂಗೀತದಲ್ಲಿ ಮೇಳಕ್ಕೆ, ಅಂದರೆ ಗುಂಪಾಗಿ ಹಾಡುವವರಿಗೆ, ಎಷ್ಟು ಜಾಗ ಇದೆ ನೋಡಿ. ದೊಡ್ಡ ಗಾಯಕರಲ್ಲದವರೂ ಅದರೊಳಗೆ ನಿಂತು ಹಾಡಬಹುದು. ನಾಲ್ಕು ಜನ ಹಾಡಲು ಬಂದವರ ಮಧ್ಯೆ ಎಂಟು ಜನ ಕಲಿಯುವವರು ನಿಲ್ಲೋದು, ಮಗು ಕಲಿಯೋದೇ ಹಾಗೆ ಅಲ್ವಾ? ಅಮೆರಿಕದಲ್ಲಿ ಇಂಥ ನಾಟಕ, ಹಾಡು ಎರಡನ್ನೂ ಸಾಮಾನ್ಯವಾಗಿ ಹಕ್ಕು ಇರುವ ಕಂಪನಿಗೆ ದುಡ್ಡು ಕಟ್ಟಿ ತರಬೇಕು, ಅನುಮತಿ ಇಲ್ಲದೆ ಒಂದು ಮಾತೂ ಬದಲಿಸುವಂತಿಲ್ಲ. ನಮ್ಮ ತಂಡಕ್ಕೆ ಹಾಡು ಕಟ್ಟಿದವರು ತಾಲೀಮಿನಲ್ಲೇ ಕೂತಿದ್ದರು, ಒಬ್ಬ ಹುಡುಗ ಜಾಸ್ತಿ ಬಂದರೆ ಅವನಿಗೆ ಒಂದು ಸಾಲು ಜಾಸ್ತಿ ಬರೆದರು.

ಇಷ್ಟೆಲ್ಲ ಸರಿ. ಆದರೆ ನಾವು ಒಳಗೆ ಹೋದದ್ದು ಹೇಗೆ? ಗೆಳೆಯನ ಒಂದು ಫೋನಿಂದ. ನಮ್ಮಮ್ಮನ ಮನೆಯ ಕೆಳಗೆ ಬಾಡಿಗೆಗಿರುವವರ ಹುಡುಗ ನನ್ನ ಮಗಳಿಗಿಂತ ಚೆನ್ನಾಗಿ ಹಾಡುತ್ತಾನೆ. ನಾಲ್ಕು ರಸ್ತೆ ಆಚೆ ತಾಲೀಮು ನಡೆಯುತ್ತಿರೋದು ಅವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನು ಹಾಡುತ್ತಾನೆ ಅಂತ ನಮಗೆ ಗೊತ್ತಾಗಿ ಹೇಳುವ ಹೊತ್ತಿಗೆ ಪಾತ್ರ ಹಂಚಿ ಆಗಿತ್ತು. ಎರಡು ವರ್ಷದ ಹಿಂದೆ ತಾಲೀಮಿನ ಸುದ್ದಿ ಯಾಕೆ ತಿಳಿಸಲಿಲ್ಲ ಅಂತ ಬೇರೊಂದು ತಂಡದವರನ್ನು ನಾನೇ ಕೇಳಿದ್ದೆ. "ಗ್ರೂಪಲ್ಲಿ ಹಾಕಿದ್ವಲ್ಲ ಸಾರ್" ಅಂದರು. ಆ ಗ್ರೂಪಿಗೆ ಸೇರಬೇಕಾದರೆ ಅದರಲ್ಲಿರುವವರು ಯಾರಾದರೂ ಗೊತ್ತಿರಬೇಕು. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಸಂಜೆ ಕೂರುವವರಿಗೆ ಎಲ್ಲ ಸುದ್ದಿ ಗೊತ್ತಿರುತ್ತೆ. ಜೆ.ಸಿ. ರಸ್ತೆ ಕಡೆ ಹೋಗದೇ ಇರುವ ಮನೆಯ ಮಗು ಏನು ಮಾಡಬೇಕು? ಯಾರೂ ಬೇಕಂತ ಬಾಗಿಲು ಮುಚ್ಚಿಲ್ಲ, ಅದು ನನಗೆ ಗೊತ್ತು. ಆದರೆ ಗೊತ್ತಿದ್ದವರ ಮಕ್ಕಳೇ ಮತ್ತೆ ಮತ್ತೆ ರಂಗದ ಮೇಲೆ ಬರುತ್ತಾರೆ, ಇದು ನನಗೆ ನಿಜವಾಗಲೂ ನೋವಿನ ವಿಷಯ.

ಅವರಿಂದ ಕಲಿಯಬೇಕಾದ ಎರಡನೆಯದು ದಿನಗಳ ಲೆಕ್ಕ. ಅಲ್ಲಿನ ಅರ್ಜಿಯಲ್ಲಿ ಎರಡು ತಿಂಗಳ ಕ್ಯಾಲೆಂಡರ್ ಇರುತ್ತೆ. ಬರಲಾಗದ ದಿನಗಳಿಗೆ ನಾವೇ ಗೀಟು ಹಾಕಬೇಕು. ಅದನ್ನು ನೋಡಿಕೊಂಡು ಯಾವ ದೃಶ್ಯ ಯಾವತ್ತು ಅಂತ ಹಾಕುತ್ತಾರೆ. ನಮ್ಮ ತಾಲೀಮು ಆರೂವರೆಗೆ. ರಾಜನ ಪಾತ್ರದವರು ವೈಟ್‌ಫೀಲ್ಡ್‌ನಿಂದ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬರಬೇಕು. ಮಂತ್ರಿ ಪಾತ್ರದವರು ಆಷಾಢ ಶುಕ್ರವಾರ ಅಂತ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದರು, ಅದು ಗೊತ್ತಾದದ್ದು ಅವತ್ತು ಸಂಜೆಯೇ. ಮೇಳದ ಮಕ್ಕಳು ಹೋಮ್‌ವರ್ಕ್ ಬಿಟ್ಟು ಬಂದು ಏಳೂಮುಕ್ಕಾಲರ ತನಕ ಜಮಖಾನದ ಮೇಲೆ ಸುಮ್ನೆ ಕೂತಿದ್ದರು. ಬೆಟ್ಟಕ್ಕೆ ಹೋಗಬೇಡಿ ಅಂತ ಯಾರೂ ಹೇಳಲ್ಲ. ಮೊದಲೇ ಗೊತ್ತಿದ್ದರೆ ಅವತ್ತು ಮಕ್ಕಳ ಹಾಡು ಮುಗಿಸಬಹುದಿತ್ತು, ಅಷ್ಟೇ.

ಇದನ್ನು ಹೇಳಿದಾಗ ಗೆಳೆಯ "ನಮ್ಮಲ್ಲಿ ಇದೆಲ್ಲ ನಡೆಯಲ್ಲ ಬಿಡೋ" ಅಂದ. ನಡೆಯುತ್ತೆ. ಜೆ.ಪಿ. ನಗರದ ರಂಗಶಂಕರ ನಾಟಕಮಂದಿರ 2004ರಲ್ಲಿ ಶುರುವಾಯಿತು. ಅಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡಲ್ಲ, ಇದು ಎಲ್ಲರಿಗೂ ಗೊತ್ತು. ಇದೇ ಟ್ರಾಫಿಕ್ಕಿನಲ್ಲಿ ಇದೇ ಬೆಂಗಳೂರಿನ ಜನ ಏಳೂವರೆ ಒಳಗೆ ಬಂದು ಕೂರುತ್ತಾರೆ.

ವಾಪಸ್ ಹೊರಡುವ ಮುಂಚೆ ಒಂದು ಪುಟದ ಅರ್ಜಿ ಕನ್ನಡದಲ್ಲಿ ಬರೆದು ತಂಡಕ್ಕೆ ಕೊಟ್ಟಿದ್ದೇನೆ. ಹೆಸರು, ವಯಸ್ಸು, ಮನೆ ಯಾವ ಕಡೆ, ಕನ್ನಡ ಓದಲು ಬರುತ್ತಾ ಅಥವಾ ಕೇಳಿ ಕಲಿಯುತ್ತೀರಾ, ಜೊತೆಗೆ ಬರುವ ದೊಡ್ಡವರೂ ಪಾತ್ರ ಮಾಡುತ್ತೀರಾ, ಬರಲಾಗದ ದಿನಗಳು ಯಾವುವು. ಮೇಲುಗಡೆ ಓದು ಶುರುವಾಗುವ ತಾರೀಕು ಮತ್ತು ಜಾಗ. ಹಾಡಿ ತೋರಿಸಿ ಅಂತ ಎಲ್ಲೂ ಬರೆದಿಲ್ಲ, ಅದು ಆ 15 ದಿನದಲ್ಲಿ ತಾನಾಗಿ ತಿಳಿಯುತ್ತೆ. ಇದನ್ನು ಶಾಲೆಯ ಗೇಟಿಗೆ, ಲೈಬ್ರರಿಗೆ, ದರ್ಶಿನಿ ಹೋಟೆಲಿನ ಗೋಡೆಗೆ ಒಂದು ತಿಂಗಳು ಮೊದಲೇ ಅಂಟಿಸಿ ಅಂತ ಕೇಳಿಕೊಂಡಿದ್ದೇನೆ. ಬೇರೆ ತಂಡದವರು ಯಾರಾದರೂ ಬಳಸುವುದಾದರೆ ಧಾರಾಳವಾಗಿ ಬಳಸಿ, ನಿಮಗೆ ಬೇಕಾದ ಹಾಗೆ ತಿದ್ದಿಕೊಳ್ಳಿ. ಬರಲಾಗದ ದಿನಗಳ ಕಾಲಂ ಮಾತ್ರ ತೆಗೀಬೇಡಿ.